ಮರಳಿನಲ್ಲಿ ಗೂಟ

"ಟೆಂಟು ನಿಲ್ತಾನೇ ಇಲ್ಲ. ಮರಳಲ್ಲಿ ಗೂಟ ಕಿತ್ತು ಬರ್ತಿದೆ. ಇದೆಲ್ಲ ನಮ್ಮ ಕ್ಲೆಮ್ ನೋಡ್ಕೋತಿದ್ರು. ಕ್ಯಾಂಪಿಂಗ್ ಇನ್ನು ಸಾಕು, ಮನೆಗೆ ಹೊರಡ್ತೀನಿ."

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಕಡಲತೀರದಿಂದ ಮರ್ಲ್ ಹೀಗೆ ಬರೆದು ಆಗಲೇ ಬಹಳ ಹೊತ್ತಾಗಿತ್ತು. ಗಂಡ ಕ್ಲೆಮ್ ತೀರಿಹೋದ ಮೇಲೆ ಅವಳು ಒಬ್ಬಳೇ ಹೊರಟ ಮೊದಲ ಪ್ರವಾಸ ಅದು. ಆನ್‌ಲೈನ್ ಕ್ಯಾಂಪಿಂಗ್ ಗುಂಪಿನವರೆಲ್ಲ ಕೆಳಗೆ ಒಂದೊಂದು ಕೆಂಪು ಹೃದಯ ಒತ್ತಿ ಸುಮ್ಮನಾಗಿದ್ದರು. ದುಃಖದಲ್ಲಿರುವವಳ ಜೊತೆ ಏನು ಮಾತಾಡುವುದೆಂದು ಯಾರಿಗೂ ತೋಚಿರಲಿಲ್ಲ.

ಗುಂಪನ್ನು ನೋಡಿಕೊಳ್ಳುವ ನರೆಲ್ "ಧೈರ್ಯ ತಂದುಕೋ" ಎಂದು ಟೈಪು ಮಾಡಿ ಅಳಿಸಿದಳು. ಜೀವಮಾನವೆಲ್ಲ ಟೆಂಟು ಹಾಕಿದ ಕೈ ಅವಳದು. ಸರಿಯಾದ ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ತಪ್ಪು ಉತ್ತರ ಕಂಡರೆ ಮಾತ್ರ ಈ ಜನ ಸುಮ್ಮನಿರಲಾರರು. ಅವಳು ಬರೆದಳು: "ಚಿಕ್ಕ ಗೂಟಾನೇ ನೆಟ್ಟಗೆ ಹೊಡಿ. ಮರಳಾದ್ರೇನು, ಮಣ್ಣಾದ್ರೇನು, ಎಲ್ಲ ಒಂದೇ."

"ಏನು ತಾಯೀ, ಬಿಸಿಲು ನೆತ್ತಿಗೇರ್ತಾ?" ಡ್ಯಾರಿಲ್ ಎಗರಿಬಿದ್ದ. "ಟೆಂಟು ಹಾರಿ ನ್ಯೂಜಿಲೆಂಡ್ ಸೇರುತ್ತೆ!"

"ಅಗಲದ ಗೂಟ ಬೇಕು," ಎಂದರು ಒಬ್ಬರು.

"ಗೂಟಾನೇ ಬೇಡ ಕಣಯ್ಯ, ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳು," ಎಂದರು ಇನ್ನೊಬ್ಬರು.

"ಈಯಮ್ಮನ್ನ ಗುಂಪಿಗೆ ಯಜಮಾನಿ ಮಾಡಿದ್ದು ಯಾರಪ್ಪ?"

ನರೆಲ್ ಮಾತ್ರ ಮರ್ಲ್ ಹೆಸರು ಕಾಣಿಸುವುದನ್ನೇ ಕಾಯುತ್ತ ಕುಳಿತಳು. ಕೊನೆಗೆ ಕಾಣಿಸಿತು.

"ಚೀಲಾನೇ ಸರಿ. ಆದ್ರೆ ನೆಟ್ಟಗಲ್ಲ, ಅಡ್ಡಡ್ಡ ಹೂಳ್ಬೇಕು. ಕ್ಲೆಮ್ ಹಂಗೇ ಮಾಡ್ತಿದ್ದಿದ್ದು. ನೀವು ಜಗಳ ನಿಲ್ಸಿ. ತಡೀರಿ, ಹೂತು ಫೋಟೋ ಹಾಕ್ತೀನಿ."