ಕರ್ಪೂರ ಉರಿಯುವಷ್ಟು ಹೊತ್ತು

ನಮ್ಮೂರಿನ ದ್ಯಾಮವ್ವ ಈಗ ಭಕ್ತರ ಬೇಡಿಕೆಗಳನ್ನು ಗುಡಿಯ ಕಂಪ್ಯೂಟರಿನ ಡಿಸ್ಕಿನಿಂದಲೇ ಓದಿಕೊಳ್ಳುತ್ತಾಳೆ. ಒಬ್ಬೊಬ್ಬರಿಗೆ ಒಂದೊಂದು ಕರ್ಪೂರ. ಅದು ಆರಿದರೆ ಅವರ ಸರದಿ ಮುಗಿಯಿತು. ಬಾಯಲ್ಲಿ ಬೇಡಿದ್ದು ತಾಯಿಗೆ ಕೇಳಿಸದೆ ಎಷ್ಟೋ ಕಾಲವಾಯಿತು.

ಹೆರಿಗೆಯಾದಾಗಿನಿಂದ ಜ್ವರ ಹಿಡಿದು ಮಲಗಿರುವ ಬಾಣಂತಿ ಮಗಳಿಗಾಗಿ ಕಲ್ಲವ್ವ ಬರೆಸಿದ ಬೇಡಿಕೆ ನಿನ್ನೆಯೂ ಅರ್ಧಕ್ಕೇ ನಿಂತಿತ್ತು. ಇವತ್ತು ಅವಳು ಗುಡಿಯ ಕಂಪ್ಯೂಟರ್ ನೋಡಿಕೊಳ್ಳುವ ಬಾಳಪ್ಪನ ಮುಂದೆ ಕೂತಳು.

"ನಿನ್ನ ಮಾತು ಡಿಸ್ಕಿನಾಗ ಚೂರುಚೂರಾಗಿ ಅಲ್ಲೊಂದು ಇಲ್ಲೊಂದು ಕುಂತೈತಿ ಯಕ್ಕಾ. ತಾಯಿ ಹುಡುಕಿ ಓದೂದ್ರಾಗ ಕರ್ಪೂರ ಆರತೈತಿ."

"ಕಂಪ್ಯೂಟರಿಗೆ ಲಿನಕ್ಸ್ ಹಾಕೀನಿ, ಅದರಾಗ ಮಾತು ಚೂರಾದ್ರೂ ಚಿಂತಿಲ್ಲ ಅಂತ ಊರೆಲ್ಲಾ ಡಂಗುರಾ ಹೊಡದಿದ್ದೆಲ್ಲೋ ತಮ್ಮಾ?"

"ಜಾಗ ಇದ್ದಾಗ ಅಂದಿದ್ದೆ. ಜಾಗ ಇದ್ರ ಅದು ತಾನ ಎಲ್ಲಾ ಒಂದ ಕಡೆ ಕುಂದರಸ್ತೈತಿ. ಈಗ ಡಿಸ್ಕ್ ತುಂಬೇತಿ."

ಕಲ್ಲವ್ವ ಪರದೆಯ ಮೂಲೆಗೆ ಬೆರಳು ಮಾಡಿದಳು. "ಇದು ಖಾಲಿ ಐತೆಲ್ಲ?"

"ಅದು ನಮ್ಮೂರ ಧಣಿ ದೇಸಾಯರಿಗೆ ಕಾದಿಟ್ಟಿದ್ದು."

"ಅವರೇನು ಬೇಡ್ಯಾರ?"

"ಬೇಡಾಕ ಅವರಿಗೇನು ಕಡಿಮಿ ಆಗೇತಿ? ಆದ್ರೂ ಕಾದಿಡಬೇಕು."

ಒಳಗೆ ಗಂಟೆ ಮೊಳಗತೊಡಗಿತು.

"ಚೂರಾಗದಂಗ ಒಂದ ಶಬ್ದ ಹಿಡಿಯೂವಷ್ಟು ಸಂದಿ ಐತಿ ನೋಡು. ಲಗೂ ಹೇಳು," ಎಂದ ಬಾಳಪ್ಪ.

ಕಲ್ಲವ್ವ ಗಂಟೆಯ ಸದ್ದಿನ ಕಡೆ ತಿರುಗಿ ನೋಡಿದಳು. "ಹಳೇದೆಲ್ಲಾ ಅಳಿಸಿಬಿಡು. ನಾಗವ್ವ ಅಂತ ಬರಿ."

ಪೂಜಾರಿ ಕಲ್ಲವ್ವನ ಕರ್ಪೂರ ಹಚ್ಚಿದ. ಮಗಳ ಹೆಸರನ್ನು ದ್ಯಾಮವ್ವ ಒಂದೇ ಉಸಿರಿಗೆ ಓದಿದಳು, ಎಲ್ಲಿಯೂ ತಡೆಯಲಿಲ್ಲ. ಆ ನಾಗವ್ವನಿಗೆ ಏನಾಗಬೇಕು ಎಂದು ತಿಳಿಯಲು ಸುಮ್ಮನೆ ಕಾದಳು. ದೇಸಾಯರ ಜಾಗ ಸಾರಿಸಿದ ಅಂಗಳದಂತೆ ಖಾಲಿಯಿತ್ತು.

ಕರ್ಪೂರ ಇನ್ನೂ ಉರಿಯುತ್ತಲೇ ಇತ್ತು.