ಕೈಯಲ್ಲಿದ್ದ ಟೋಪಿ

ಬಾಗಿಲು ತೆರೆದ ನೋರೀನ್ ಕಾನ್‌ಸ್ಟೇಬಲ್ ಡ್ಯಾರಿಲ್‌ನ ಮುಖ ನೋಡಲಿಲ್ಲ, ಅವನ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಚೌಕಟ್ಟು ಹಿಡಿದುಕೊಂಡು, "ಯಾರು? ನನ್ನ ಮಗನಾ?" ಎಂದಳು. ಮಗ ಟ್ರಕ್ಕಿನಲ್ಲಿ ದನ ತುಂಬಿಕೊಂಡು ಡಾರ್ವಿನ್‌ಗೆ ಹೋಗಿದ್ದ.

"ಅವನಿಗೇನಾಯ್ತು?" ಡ್ಯಾರಿಲ್‌ಗೆ ಅರ್ಥವಾಗಲಿಲ್ಲ. "ನಾನು ಮೊಟ್ಟೆಗೆ ಬಂದೆ. ಪ್ರತಿ ಶುಕ್ರವಾರ ಬರಲ್ವಾ?"

ನೋರೀನ್ ಮೆಟ್ಟಿಲ ಮೇಲೆ ಕುಸಿದು ಕೂತಳು. ಉಸಿರು ಹತೋಟಿಗೆ ಬಂದ ಮೇಲೆ ಬೈಯಲು ಶುರುಮಾಡಿದಳು. "ಮತ್ತೆ ಟೋಪಿ ಯಾಕೋ ತೆಗೆದೆ, ಮುಟ್ಠಾಳ?"

"ಸೆಕೆ. ಬೆವರು ಒರೆಸ್ಕೊಂಡೆ. ಅದಕ್ಕೇನೀಗ?" ಅವನಿಗೆ ನಿಜಕ್ಕೂ ಕುತೂಹಲವಾಗಿತ್ತು.

"ದಂಡ ಹಾಕೋಕೆ ಬಂದಾಗ ನಿನ್ನ ಟೋಪಿ ತಲೆ ಮೇಲಿರತ್ತೆ. ಯಾರಾದ್ರೂ ಸತ್ತ ಸುದ್ದಿ ಹೇಳೋಕೆ ಬಂದಾಗ ಕೈಯಲ್ಲಿರತ್ತೆ. ನನ್ನ ಗಂಡನ ಸುದ್ದಿ ತಂದಾಗ್ಲೂ ನೀನು ಇಲ್ಲೇ, ಹೀಗೇ ನಿಂತಿದ್ದೆ. ಊರಿಗೆಲ್ಲ ಗೊತ್ತು ಕಣೋ. ಸಣ್ಣ ಮಕ್ಕಳಿಗೂ ಗೊತ್ತು. ನಿನಗೊಬ್ಬನಿಗೇ ಗೊತ್ತಿಲ್ಲ ಅಂದ್ರೆ ಹೆಂಗೆ?"

ಒಳಗೆ ಹೋಗಿ ಮೊಟ್ಟೆ ತಂದುಕೊಟ್ಟವಳು ಅವನ ಕೈಯಿಂದ ಟೋಪಿ ಕಿತ್ತುಕೊಂಡು, ಎರಡೂ ಕೈಯಿಂದ ಅವನ ತಲೆಯ ಮೇಲಿಟ್ಟು ಬಲವಾಗಿ ಒತ್ತಿದಳು. "ಬೆವತು ಸತ್ರೂ ಪರ್ವಾಗಿಲ್ಲ, ನನ್ನ ಬಾಗಿಲಲ್ಲಿ ತೆಗೀಬೇಡ."

ಡ್ಯಾರಿಲ್ ಮೊಟ್ಟೆ ಹಿಡಿದುಕೊಂಡು ಅಲ್ಲಾಡದೆ ನಿಂತ. ಅವನ ಆರು ವರ್ಷದ ಮಗಳೂ ದಿನಾ ಸಂಜೆ ಮನೆಯ ಬಾಗಿಲಿಗೆ ಓಡಿಬಂದು, ಅವನನ್ನು ಬಗ್ಗಿಸಿ, ಕೈಯಲ್ಲಿದ್ದ ಟೋಪಿಯನ್ನು ಹೀಗೇ ತಲೆಗೆ ಒತ್ತುತ್ತಿದ್ದಳು. ಆಮೇಲೆಯೇ ನಗುತ್ತಿದ್ದಳು. ಅದನ್ನು ಅವನು ಇಷ್ಟು ದಿನ ಆಟ ಎಂದುಕೊಂಡಿದ್ದ.