ಏಳು ನಿಮಿಷದ ನಡಿಗೆ

ಕಾರು ನಿಷೇಧವಾದ ಮೇಲೆ ಪ್ರತಿ ಕುಟುಂಬವೂ ಬೇಕಾದದ್ದೆಲ್ಲ ನಡಿಗೆಯ ದೂರದಲ್ಲಿರುವ ಒಂದು ಊರು ಆರಿಸಿಕೊಳ್ಳಬೇಕಿತ್ತು. ಸಹಿ ಹಾಕಿದರೆ ಹತ್ತು ವರ್ಷ ಬಿಡುವಂತಿಲ್ಲ. ನೀಲವ್ವನ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್.

"ಆಸ್ಪತ್ರೆಗೆ ಏಳೇ ನಿಮಿಷ ಅಮ್ಮಾ. ಇಲ್ಲಿ ಎಲ್ಲರೂ ನಡೀತಾರೆ," ಎಂದ ಊರು ತೋರಿಸುವ ಅಧಿಕಾರಿ.

"ಹಂಗಾದ್ರ ಚಪ್ಪಲಿ ಹೊಲಿಯಾವ ಎಲ್ಲಿ ಕುಂದರ್ತಾನ್ರೀ?"

ಅಧಿಕಾರಿ ನಕ್ಷೆಯಲ್ಲಿ ಹುಡುಕತೊಡಗಿದ. ನೀಲವ್ವ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದ ಮುದುಕನ ಬಳಿ ಹೋದಳು. ಅವನ ಅಂಗಿಯ ಬಿಲ್ಲೆಯಲ್ಲಿ 'ನಾಲ್ಕು ವರ್ಷದ ನಿವಾಸಿ' ಎಂದಿತ್ತು. ಚಪ್ಪಲಿಯ ಅಟ್ಟೆ ಮಾತ್ರ ಹೊಚ್ಚ ಹೊಸದು.

"ಇಲ್ಲಿಗೆ ಬಂದ ಮ್ಯಾಲೆ ಎಷ್ಟು ಜೋಡಿ ಸವೆಸೀರಿ ಕಾಕಾ?"

"ಬಂದಾಗಿಂದ ಇದೊಂದ ಜೋಡಿ, ತಂಗಿ." ಮುದುಕ ಅಧಿಕಾರಿಯತ್ತ ನೋಡಿ ದನಿ ತಗ್ಗಿಸಿದ. "ಊರು ನೋಡಾಕ ಬಂದವರಷ್ಟ ನಡೀತಾರ. ಸಹಿ ಹಾಕಿದವರು ಮನಿ ಬಿಟ್ಟು ಹೊರಗ ಬರಾಕ ಪಾಸ್ ಬೇಕು. ನನಗ ಇವತ್ತ ಮೊದಲನೇ ಸಲ ಸಿಕ್ಕೈತಿ."